ತಟ್ಟೆಯಲ್ಲಿ ಬೆಳೆದ ಕೈ

ದೆವ್ವ ಗಿವ್ವ ಅಂದ್ರೆ ನನಗೆ ನಗು ಬರುತ್ತೆ. ಇದನ್ನ ಮೊದಲೇ ಹೇಳಿಬಿಡ್ತೀನಿ. ಯಾಕಂದ್ರೆ ಮುಂದೆ ನಾನು ಒಂದು ಕಾಲಿನ ಚಪ್ಪಲಿ ಬಿಟ್ಟು ಓಡಿಬಂದ ವಿಷಯ ಬರುತ್ತೆ, ಆಗ ನೀವು ಏನೇನೋ ಅಂದುಕೊಳ್ಳಬಾರದು. ನಾನು ಹಾಲಿನ ಡೇರಿಯಲ್ಲಿ ಬಾಯ್ಲರ್ ನೋಡಿಕೊಳ್ಳೋನು. ದಿನವಿಡೀ ಬೆಂಕಿ ಎದುರು ಕೂತೋನಿಗೆ ಹೆದರಿಕೆಗೆಲ್ಲ ಪುರುಸೊತ್ತು ಇರಲ್ಲ. ಅವತ್ತು ನೆಲ ಜಾರ್ತಾ ಇತ್ತು, ಅಷ್ಟೇ.

ಕಥೆ ನನ್ನದಲ್ಲ, ಫಳಫಳಪ್ಪನದು. ಡೇರಿ ಹಿಂದೆ ಕೆಲಸದವರಿಗೆ ಅಂತ ಕಟ್ಟಿಸಿದ ಸಾಲುಮನೆಗಳಲ್ಲಿ ಅವನಿಗೂ ನಮಗೂ ನಡುವೆ ಒಂದೇ ಗೋಡೆ. ಅವನು ಆ ಕಡೆ ಸೀನಿದ್ರೆ ಈ ಕಡೆ ನಮ್ಮನೆ ಲೋಟ ಅಲ್ಲಾಡುತ್ತೆ. ಡೇರಿಯಲ್ಲಿ ಅವನ ಕೆಲಸ ತೊಳೆಯೋದು. ಹಾಲು ಖಾಲಿಯಾದ ಮೇಲೆ ದೊಡ್ಡ ಟ್ಯಾಂಕಿಗೆ, ಪೈಪುಗಳಿಗೆ ಮೊದಲು ನೀರು ಬಿಡಬೇಕು, ಆಮೇಲೆ ಬಿಸಿ ಕಾಸ್ಟಿಕ್, ಆಮೇಲೆ ಆಸಿಡ್, ಕೊನೆಗೆ ಮತ್ತೆ ನೀರು. ಕಾಸ್ಟಿಕ್ ಅಂದ್ರೆ ಮೈ ಮೇಲೆ ಬಿದ್ದರೆ ಚರ್ಮಾನೇ ಕಿತ್ತು ಬರೋ ಅಂಥ ಖಾರದ ನೀರು. ಇಷ್ಟೆಲ್ಲ ಆದಮೇಲೆ ಸ್ಟೀಲು ಫಳಫಳ ಅನ್ನಬೇಕು. ಅದರಲ್ಲಿ ಮುಖ ನೋಡಿಕೊಂಡು ಕ್ರಾಪು ತೀಡಿಕೊಳ್ಳದೆ ಅವನು ಆಚೆ ಬರ್ತಾ ಇರಲಿಲ್ಲ. ಅದಕ್ಕೇ ಆ ಹೆಸರು.

ಈ ಕೆಲಸ ಅವನಿಗೆ ಬಂದಿದ್ದು ಹೆಂಡತಿ ಕಡೆಯಿಂದ. ಅವಳ ಅಪ್ಪ, ಅಂದ್ರೆ ಇವನ ಮಾವ, ಜೀವಮಾನವೆಲ್ಲ ಅದೇ ಟ್ಯಾಂಕು ತೊಳೆದೋರು. ಒಂದು ಸಲ ಪಂಪಿಗೆ ಸಿಕ್ಕಿ ಬಲಗೈ ತೋರುಬೆರಳು ಅರ್ಧ ಹೋಯ್ತು. ಉಳಿದ ಅರ್ಧದಲ್ಲೇ ಇಡೀ ಡೇರಿಯನ್ನ ಹೆದರಿಸಿಟ್ಟಿದ್ದ ಮಹಾನುಭಾವರು. ತೊಳೆದು ಮುಗಿಸಿ ಎರಡೂ ಕೈ ಗಸಗಸ ಉಜ್ಜಿ, ಮುಚ್ಚಳದ ಒಳಮೈಗೆ ಅಂಗೈಯಿಂದ ಪಟಪಟ ತಟ್ಟಿ, "ಹೂಂ, ಆಯ್ತು" ಅನ್ನೋರು. ಆಮೇಲೇ ಮುಚ್ಚಳ ಹಾಕೋದು. ಅವರು ತೀರಿಕೊಂಡ ಮೇಲೆ ಅವರ ಕೆಲಸ, ಅವರ ಮನೆ, ಅವರ ಕರಿ ರಬ್ಬರ್ ಗ್ಲೌಸು, ಕಿವಿ ಚುರುಕಾದ ಅವರ ಅಕ್ಕ ಎಲ್ಲಾ ಇವನ ಪಾಲಿಗೆ ಬಂತು. ತಟ್ಟೋ ಅಭ್ಯಾಸವೂ ಬಂತು.

ಆ ಗ್ಲೌಸು ಅವನಿಗೆ ಎಷ್ಟು ಒಗ್ಗಿಹೋಗಿತ್ತು ಅಂದ್ರೆ, ಒಂದು ಬೆಳಗ್ಗೆ "ನನ್ನ ಗ್ಲೌಸು ಯಾರು ಎತ್ತಿಕೊಂಡಿದ್ದು" ಅಂತ ಡೇರಿಯೆಲ್ಲ ಜಾಲಾಡಿ, ಪ್ಯಾಕಿಂಗ್ ಹೆಂಗಸರ ಮೇಲೆ ಹಾರಾಡಿ, ಕೊನೆಗೆ ನನ್ನ ಹತ್ತಿರ ಬಂದು "ಹೋಯ್ತಣ್ಣಾ" ಅಂತ ಅದೇ ಗ್ಲೌಸು ಹಾಕಿದ ಕೈಯಿಂದ ಹಣೆ ಚಚ್ಚಿಕೊಂಡ. ಅಂಥ ಆಸಾಮಿ.

ಹೀಗಿರುವಾಗ ನಮ್ಮ ಹಾಲು ಸಂಜೆಗೆಲ್ಲ ಒಡೆದುಹೋಗ್ತಾ ಇದೆ ಅಂತ ಅಂಗಡಿಯವರ ಗಲಾಟೆ ಶುರುವಾಯ್ತು. ಹೊಸದಾಗಿ ಬಂದಿದ್ದ ಲ್ಯಾಬ್ ಮೇಡಂ ಹತ್ತಿ ಸುತ್ತಿದ ಕಡ್ಡಿ ಹಿಡಿದು ಪೈಪು, ಟ್ಯಾಂಕು, ಮುಚ್ಚಳ ಎಲ್ಲ ಕಡೆ ಸವರಿ ನೋಡಿದ್ರು. ಮುಚ್ಚಳದಲ್ಲಿ ಬ್ಯಾಕ್ಟೀರಿಯಾ ಸಿಕ್ಕಿತು. ಒಂದೆರಡಲ್ಲ, ಸಂಸಾರ ಸಮೇತ.

ಮ್ಯಾನೇಜರ್ ಫಳಫಳಪ್ಪನ್ನ ಕರೆಸಿದ್ರು. ಕಷ್ಟ ಬಂದಾಗ ಕನ್ನಡಕ ಒರೆಸೋದು ಅವರ ಪದ್ಧತಿ. ಒರೆಸ್ತಾ ಒರೆಸ್ತಾ ಹೇಳಿದ್ರು, "ನೋಡಪ್ಪ, ತೊಳೆಯೋ ಕೆಲಸ ನಮಗೆ ಕೊಡಿ ಅಂತ ಹೊರಗಿನ ಕಂಪನಿಯವರು ಕಾದು ಕೂತಿದಾರೆ. ಮುಂದಿನ ವಾರ ಮೇಲಿನ ಆಫೀಸರ್ ಬಂದು ಟ್ಯಾಂಕ್ ಪರೀಕ್ಷೆ ಮಾಡ್ತಾರೆ. ಆಗಲೂ ಹೀಗೇ ಬಂತು ಅಂದ್ರೆ ಕೆಲಸ ಅವರಿಗೆ ಹೋಗುತ್ತೆ. ಕೆಲಸ ಹೋದ್ರೆ ಮನೆ ಬಿಡಬೇಕಾಗುತ್ತೆ. ಗೊತ್ತಲ್ಲ?"

ಇನ್ನೊಬ್ಬನಾಗಿದ್ರೆ "ನೋಡಿಕೋತೀನಿ ಸಾರ್" ಅಂತ ಹೇಳಿ ಬರ್ತಿದ್ದ. ಇವನು ನೇರ ಲ್ಯಾಬಿಗೆ ನುಗ್ಗಿದ. ನಾನು ಅಲ್ಲೇ ಚಹಾ ಕುಡೀತಾ ಕೂತಿದ್ದೆ.

"ಮೇಡಂ, ನನ್ನ ಕೈ ಆಡಿದ ಜಾಗದಲ್ಲಿ ಒಂದು ನರಪಿಳ್ಳೆ ಉಳಿಯಲ್ಲ!"

"ನರಪಿಳ್ಳೆ ಉಳಿದಿಲ್ಲ. ಬ್ಯಾಕ್ಟೀರಿಯಾ ಉಳಿದಿದೆ."

"ಕಾಸ್ಟಿಕ್ ಕುಡಿದು ಯಾವನು ಮೇಡಂ ಬದುಕ್ತಾನೆ?"

"ಕುಡಿದೋನು ಬದುಕಲ್ಲ. ಬಚ್ಚಿಟ್ಟುಕೊಂಡೋನು ಬದುಕ್ತಾನೆ. ಒಂದು ಸಂದಿ ಸಿಕ್ಕಿದ್ರೆ ಸಾಕು, ಸುತ್ತಲೂ ಲೋಳೆ ಕಟ್ಟಿಕೊಂಡು ಒಳಗೆ ಕೂತುಬಿಡ್ತವೆ. ನಿಮ್ಮ ಕಾಸ್ಟಿಕ್ ಮೇಲಿಂದ ಮೇಲೇ ಹರಿದುಹೋಗುತ್ತೆ." ಮೇಡಂ ಚಾಚಿದ ಕೈ ಪೂರ್ತಿ ಹಿಡಿಸೋವಷ್ಟು ಅಗಲದ ಒಂದು ಗಾಜಿನ ತಟ್ಟೆ ಮುಂದಿಟ್ಟರು. ಅದರಲ್ಲಿ ತಿಳಿ ಅಂಟಿನಂಥದ್ದು ಹೆಪ್ಪುಗಟ್ಟಿತ್ತು. "ಅಷ್ಟು ನಂಬಿಕೆ ಇದ್ರೆ ಕೈ ಇದರ ಮೇಲೆ ಒತ್ತಿ. ಬೆಚ್ಚಗಿಟ್ಟರೆ ಇರೋದೆಲ್ಲ ಬೆಳೆದು ಕಣ್ಣಿಗೆ ಕಾಣುತ್ತೆ."

ಅಷ್ಟರಲ್ಲಿ ಫೋನ್ ಬಂತು ಅಂತ ಮೇಡಂ ಆ ಕಡೆ ತಿರುಗಿದ್ರು. ಇವನು ಎರಡೂ ಕೈ ಗಸಗಸ ಉಜ್ಜಿ, ಬಲಗೈಯನ್ನ ತಟ್ಟೆ ಮೇಲೆ ಒತ್ತಿ, "ಹೂಂ, ಆಯ್ತು" ಅಂದ. ನಾನು ಎದುರಿಗೇ ಇದ್ದೆ. ಕಣ್ಣಾರೆ ನೋಡಿದೆ. ಏನು ನೋಡಿದೆ ಅಂತ ಮಾತ್ರ ಕೇಳಬೇಡಿ, ದಿನಾ ನೋಡೋದು ಯಾರ ಕಣ್ಣಿಗೂ ಬೀಳಲ್ಲ.

ತಟ್ಟೆ ಬೆಚ್ಚಗಿನ ಪೆಟ್ಟಿಗೆಯಿಂದ ಆಚೆ ಬಂದ ದಿನ ಮೇಡಂ ನಮ್ಮಿಬ್ಬರನ್ನೂ ಕರೆದ್ರು. ತಟ್ಟೆಯಲ್ಲಿ ಒಂದು ಕೈ ಬೆಳೆದಿತ್ತು. ಚಿತ್ರ ಬರೆದ ಹಾಗಲ್ಲ, ಬೆಳೆದಿತ್ತು. ಹಳದಿ, ಬಿಳಿ ಚುಕ್ಕೆಗಳು ಒತ್ತೊತ್ತಾಗಿ ಉಬ್ಬಿ ಅಂಗೈ, ಹೆಬ್ಬೆರಳು, ಕಿರುಬೆರಳು ಎಲ್ಲ ಆಗಿ ನಿಂತಿದ್ದವು. ಗಾಜಿನ ಕೆಳಗಿಂದ ಯಾರೋ ನಮ್ಮ ಕಡೆ ಕೈ ಎತ್ತಿದ ಹಾಗಿತ್ತು.

"ಎಲ್ಲ ಸರಿ," ಅಂದ್ರು ಮೇಡಂ. ಪಾಪ, ಅವರಿಗೆ ಹಳೇ ಕಥೆ ಏನೂ ಗೊತ್ತಿಲ್ಲ. "ನಿಮ್ಮ ತೋರುಬೆರಳು ಯಾಕೆ ಅರ್ಧಕ್ಕೇ ನಿಂತಿದೆ?"

ಫಳಫಳಪ್ಪ ತನ್ನ ಬೆರಳು ಎಣಿಸಿದ. ಐದಿತ್ತು. ಇನ್ನೊಂದು ಸಲ ಎಣಿಸಿದ. ಆಗಲೂ ಐದೇ. ತಟ್ಟೆ ನೋಡಿದ. ನಾಲ್ಕೂವರೆ.

"ಮಾವ," ಅಂದ.

ಅಲ್ಲಿಂದ ಶುರುವಾಯ್ತು ನೋಡಿ. ಪ್ಯಾಕಿಂಗ್ ಹೆಂಗಸರಿಗೆ ಸುದ್ದಿ ಹೋಗೋಕೆ ಒಂದು ಚಹಾ ಆರೋವಷ್ಟು ಹೊತ್ತೂ ಬೇಕಾಗಲಿಲ್ಲ. ಅವರೆಲ್ಲ ದೊಡ್ಡ ಟ್ಯಾಂಕಿನ ದಾರಿ ಬಿಟ್ಟು ಗೋಡೆ ಸವರಿಕೊಂಡು ಓಡಾಡೋಕೆ ಶುರು ಮಾಡಿದ್ರು. ಮ್ಯಾನೇಜರ್ ಕನ್ನಡಕ ಒರೆಸಿ ಒರೆಸಿ ಗಾಜು ಸವೆಸಿದ್ರು. "ನಾನಂತೂ ಇದೆಲ್ಲ ನಂಬಲ್ಲ. ಆದ್ರೂ ಒಂದು ಮಾತು ಹೇಳಿಬಿಡ್ತೀನಿ. ಕೆಲಸದಿಂದ ಬಿಡುಗಡೆಯಾದವರು ಮಿಷಿನ್ ಮುಟ್ಟೋ ಹಾಗಿಲ್ಲ. ಸತ್ತಿದ್ರೂ ಅಷ್ಟೇ, ರೂಲ್ಸ್ ರೂಲ್ಸೇ!"

ಫಳಫಳಪ್ಪನ ತಲೆಯಲ್ಲಿ ವಿಷಯ ಬೇರೆಯೇ ಆಗಿ ಕೂತಿತು. ತಾನು ತೊಳೆದಿದ್ದು ಮಾವನಿಗೆ ಸಮಾಧಾನ ಇಲ್ಲ, ಅದಕ್ಕೇ ಹಿಂದೆ ಹಿಂದೆ ಬಂದು ತಾವೇ ಮುಟ್ಟಿ ನೋಡ್ತಾ ಇದಾರೆ ಅಂತ. ಒಂದು ಸಲ ತೊಳೆಯೋದನ್ನ ಎರಡು ಸಲ ತೊಳೆದ. ಕಾಸ್ಟಿಕ್ ಖಾರ ಎಷ್ಟು ಏರಿಸಿದ ಅಂದ್ರೆ ನನ್ನ ಬಾಯ್ಲರ್ ಮನೆವರೆಗೂ ಕಣ್ಣು ಉರೀತಾ ಇತ್ತು. ಕೊನೆಯಲ್ಲಿ ಮಾವನಿಗೆ ಕೇಳಿಸಲಿ ಅಂತ ಮುಚ್ಚಳಕ್ಕೆ ಎರಡೇಟಿನ ಜಾಗದಲ್ಲಿ ಇಪ್ಪತ್ತೇಟು ತಟ್ಟಿದ. ಲ್ಯಾಬಿನವರ ಕಡ್ಡಿಯಲ್ಲಿ ಬ್ಯಾಕ್ಟೀರಿಯಾ ಇನ್ನೂ ಜಾಸ್ತಿ ಆಯ್ತು. ಇವನು ಇನ್ನೂ ತಟ್ಟಿದ.

ಮಧ್ಯಾಹ್ನ ಊಟದ ಹೊತ್ತಿಗೆ ಪಂಪೆಲ್ಲ ನಿಂತು ಡೇರಿ ಗವ್ ಅಂತಿರುತ್ತೆ. ಆಗ ಅವನು ಏಣಿ ಹತ್ತಿ ಟ್ಯಾಂಕಿನ ಬಾಯೊಳಗೆ ತಲೆ ಇಟ್ಟು ಮಾತಾಡ್ತಿದ್ದ.

"ಮಾವಾ, ಎಲ್ಲಿ ತಪ್ಪಾಗಿದೆ ಹೇಳಿ..."

"ಹೇಳಿ... ಹೇಳಿ..." ಅಂತ ಟ್ಯಾಂಕು.

"ನಾನೇ ಹೇಳಬೇಕಾ?"

"ಬೇಕಾ... ಬೇಕಾ..."

ನನ್ನ ಜಾಗದಲ್ಲಿ ಕೂತು ನಾನು ಇದನ್ನ ಕೇಳಿಸಿಕೊಂಡು ನಗ್ತಾ ಇದ್ದೆ. ಒಂದು ದಿನ ಮಾತ್ರ ಅವನು ಏನೂ ಕೇಳದೆ ಸುಮ್ಮನಿದ್ದಾಗಲೂ ಒಳಗಿಂದ ಏನೋ ಅಂದ ಹಾಗಾಯ್ತು. ಪೈಪಿನ ಗಾಳಿ ಇರಬೇಕು. ಪೈಪಲ್ಲಿ ಗಾಳಿ ಇದ್ದೇ ಇರುತ್ತೆ.

ಈ ನಡುವೆ ಅವನು ಇನ್ನೊಂದು ಘನಕಾರ್ಯ ಮಾಡಿದ್ದ. ಮೇಡಂ ಬಿಸಾಡೋಕೆ ಇಟ್ಟಿದ್ದ ಆ ತಟ್ಟೆಯನ್ನ, ಮುಚ್ಚಳಕ್ಕೆ ಸುತ್ತಲೂ ಟೇಪು ಅಂಟಿಸಿ, ಊಟದ ಚೀಲದಲ್ಲಿ ಹಾಕಿಕೊಂಡು ಮನೆಗೆ ತಂದಿದ್ದ. ಕಸದ ಬುಟ್ಟಿಗೆ ಮಾವನನ್ನ ಹೇಗೆ ಹಾಕೋದು ಅಂತ ಅವನ ವಾದ.

ಚೀಲ ಬಿಚ್ಚಿದ್ದು ಮಾವನ ಅಕ್ಕ, ಅಜ್ಜಿ. ಗೋಡೆ ಈಚೆ ಇದ್ದ ನಮಗೆ ಮೊದಲು ಒಂದು ಚೀತ್ಕಾರ ಕೇಳಿಸ್ತು, ಆಮೇಲೆ ಬೈಗುಳ. ನಾನೂ ನನ್ನ ಹೆಂಡತಿಯೂ ಓಡಿದ್ವಿ. ಅಜ್ಜಿ ತಟ್ಟೆ ಎದುರಿಗೆ ಮಣೆ ಎಳೆದುಕೊಂಡು ಕೂತಾಗಿತ್ತು.

"ಏನೋ, ಬದುಕಿದ್ದಾಗ ಒಂದು ದಿನ ಕೈ ತೊಳೆದು ಊಟಕ್ಕೆ ಕೂತೋನಲ್ಲ ನೀನು. ಈಗ ಬರೀ ಕೈ ಕಳಿಸಿದೀಯಲ್ಲ, ಮಿಕ್ಕಿದ್ದು ಎಲ್ಲೋ? ನನ್ನ ಕೋಲು ಎಲ್ಲಿಟ್ಟಿದೀಯ ಹೇಳಿ ಆಮೇಲೆ ಎಲ್ಲಿಗಾದ್ರೂ ಹೋಗು!"

ಫಳಫಳಪ್ಪನ ಹೆಂಡತಿ ತಟ್ಟೆ ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಅರ್ಧ ಬೆರಳಿನ ತುದಿಯನ್ನ ಮೂಗಿಗೆ ತಾಗೋ ಹಾಗೆ ಹತ್ತಿರ ತಂದು ನೋಡಿದಳು. ತಟಕ್ಕನೆ ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಒಲೆ ಮೇಲಿನ ಹಲಗೆಯಲ್ಲಿ, ಸಾಂಬಾರದ ಡಬ್ಬಿಗಳ ಪಕ್ಕ ಇಟ್ಟು, "ಇಲ್ಲೇ ಇರಲಿ," ಅಂದಳು. ಹೆದರಿದಾಳೆ ಅಂದುಕೊಂಡೆ ನಾನು. ನನ್ನ ಬುದ್ಧಿಗೆ ಅಷ್ಟೇ ಹೊಳೆದಿದ್ದು.

ಒಲೆಯ ಬಿಸಿಗೆ ಕೈ ದಿನದಿನಕ್ಕೆ ಬೆಳೀತು. ಬೆರಳುಗಳು ಊದಿಕೊಂಡವು, ಅಂಗೈ ಮೇಲೆ ಬೂದು ಬಣ್ಣದ ರೋಮದಂಥದ್ದು ಎದ್ದಿತು. ಟೇಪಿನ ಕೆಳಗಿಂದ ಹಳೇ ಹಾಲಿನ ವಾಸನೆ ಬರ್ತಿತ್ತು. ಸಾಲುಮನೆಯವರೆಲ್ಲ ಒಂದೊಂದು ನೆಪ ಹಿಡಿದು ನೋಡೋಕೆ ಬಂದ್ರು. ಸಕ್ಕರೆ ಕೇಳೋಕೆ ಬಂದ ಡ್ರೈವರ್ ಸಕ್ಕರೆ ಮರೆತು ಹೋದ. ಅಜ್ಜಿಗೆ ಮಾತ್ರ ಖುಷಿ. "ಬದುಕಿದ್ದಾಗ ಒಣಕಲು ಕಡ್ಡಿ ಆಗಿದ್ದ. ಈಗ ನೋಡಿ, ಮೈಕೈ ತುಂಬಿಕೊಂಡಿದಾನೆ," ಅಂತ ಬಂದವರಿಗೆಲ್ಲ ತೋರಿಸ್ತಿದ್ದಳು. ಅಡಿಗೆ ಮಾಡೋವಾಗ ಫಳಫಳಪ್ಪನ ಹೆಂಡತಿ ಸಣ್ಣ ದನಿಯಲ್ಲಿ ಏನೋ ಮಾತಾಡಿಕೊಳ್ಳೋದು ಗೋಡೆ ಈಚೆ ನಮಗೆ ಕೇಳಿಸ್ತಿತ್ತು. ಸಾರಿಗೆ ಉಪ್ಪು ಸಾಕಾ ಅಂತ ಯಾರನ್ನೋ ಕೇಳ್ತಿದ್ದಳು.

ಆಫೀಸರ್ ಬರೋ ದಿನ ಹತ್ತಿರ ಬಂತು. ಮ್ಯಾನೇಜರ್ ನನ್ನ ಕರೆದು, "ಕಾಸ್ಟಿಕ್‌ಗೆ ಬಗ್ಗದೆ ಇದ್ರೆ ಹಬೆ ಹೊಡಿ. ಏನಿದ್ರೂ ಬೆಂದುಹೋಗಲಿ," ಅಂದ್ರು. ಊಟದ ಹೊತ್ತಲ್ಲಿ ನಾನು ಹಬೆಯ ಪೈಪು ಎಳೆದುಕೊಂಡು ಟ್ಯಾಂಕಿನ ಹತ್ತಿರ ಹೋದೆ. ಫಳಫಳಪ್ಪ ಏಣಿ ಮೇಲೆ ನಿಂತಿದ್ದ. ಆಗ ತಾನೇ ತೊಳೆದು, ಕೈ ನೋಯೋವರೆಗೂ ತಟ್ಟಿ ಮುಗಿಸಿದ್ದ. ಸ್ಟೀಲಿನಲ್ಲಿ ನನ್ನ ಹಲ್ಲು ಎಣಿಸಬಹುದಿತ್ತು, ಅಷ್ಟು ಹೊಳಪು.

ನಾನು ಹಬೆಯ ವಾಲ್ವು ಒಂದಿಷ್ಟು ತಿರುಗಿಸಿದೆ. ಹಬೆ ಬುಸ್ ಅಂತ ಹೋಯ್ತು. ತೆರೆದಿದ್ದ ಮುಚ್ಚಳದ ಒಳಮೈ ನಿಧಾನವಾಗಿ ಮಂಜಾಯ್ತು.

ಮಂಜಾದ ಕಡೆ ಒಂದು ಕೈ ಮೂಡಿತು.

ಅದರ ಪಕ್ಕ ಇನ್ನೊಂದು. ಅದರ ಮೇಲೆ ಒಂದು, ಕೆಳಗೆ ಒಂದು. ಹಬೆ ಹರಡಿದ ಹಾಗೆಲ್ಲ ಕೈಗಳು, ಒಂದರ ಮೇಲೊಂದು, ಜಾಗ ಸಾಲದೆ ನೂಕಿಕೊಂಡು ಬಂದ ಹಾಗೆ. ಪ್ರತಿಯೊಂದಕ್ಕೂ ತೋರುಬೆರಳು ಅರ್ಧ. ಎಲ್ಲಾ ಮುಚ್ಚಳದ ಒಳಗಡೆ. ಟ್ಯಾಂಕಿನೊಳಗೆ ಸಿಕ್ಕಿಬಿದ್ದವರು ಯಾರೋ ಎಷ್ಟೋ ವರ್ಷದಿಂದ ಮುಚ್ಚಳ ತಳ್ತಾ ಇದ್ದ ಹಾಗಿತ್ತು. ಅಷ್ಟರಲ್ಲಿ ಟ್ಯಾಂಕಿನ ಹೊಟ್ಟೆಯೊಳಗಿಂದ ದಪ್ಪ ದನಿ ಬಂತು.

"ಹೂಂ, ಆಯ್ತು..."

ಅಂದಿದ್ದು ಫಳಫಳಪ್ಪನೇ, ಅಭ್ಯಾಸಬಲ. ಇದು ನನಗೆ ಗೊತ್ತಾಗಿದ್ದು ಆಮೇಲೆ. ಆಗ ನೆಲ ಜಾರ್ತಾ ಇತ್ತು ಅಂತ ಹೇಳಿದೆನಲ್ಲ, ಅದಕ್ಕೆ ನಾನು ಸ್ವಲ್ಪ ಬೇಗ ಮನೆಗೆ ಬಂದೆ.

ಸಂಜೆ ಫಳಫಳಪ್ಪನ ಹೆಂಡತಿ ನಮ್ಮ ಬಾಗಿಲಲ್ಲಿ ನಿಂತಿದ್ದಳು. ಒಂದು ಕೈಯಲ್ಲಿ ನನ್ನ ಚಪ್ಪಲಿ, ಇನ್ನೊಂದರಲ್ಲಿ ಗಂಡನ ಗ್ಲೌಸು. ಅವನು ಅದನ್ನ ಡೇರಿಯಲ್ಲಿ ಬಿಡ್ತಾ ಇರಲಿಲ್ಲ, ದಿನಾ ಮನೆಗೆ ತಂದು ಬಚ್ಚಲಿನ ಮೊಳೆಗೆ ನೇತುಹಾಕ್ತಿದ್ದ.

"ಅಣ್ಣಾ, ಅವರು ಹಾಸಿಗೆ ಹಿಡಿದಿದಾರೆ. 'ಮಾವ ಕೆಲಸ ವಾಪಸ್ ತಗೊಳ್ಳೋಕೆ ಬಂದಿದಾರೆ, ಮನೆ ಬಿಡೋಣ' ಅಂತಾರೆ." ಅವಳು ಗ್ಲೌಸು ಮುಂದೆ ಹಿಡಿದಳು. "ಇದನ್ನ ನೋಡಿ."

ನೋಡಿದೆ. ಬಲಗೈ ಗ್ಲೌಸಿನ ತೋರುಬೆರಳನ್ನ ಅರ್ಧಕ್ಕೆ ಒಳಗೆ ಮಡಚಿ, ನೈಲಾನ್ ದಾರದಿಂದ ಬಿಗಿಯಾಗಿ ಸುತ್ತಿ ಗಂಟು ಹಾಕಿತ್ತು. ಇಷ್ಟು ವರ್ಷ ಕಣ್ಣೆದುರಿಗೇ ಇತ್ತು.

"ಅಪ್ಪನಿಗೆ ಬೆರಳು ಹೋದಮೇಲೆ ಖಾಲಿ ರಬ್ಬರು ಜೋತಾಡಿ ಮುಚ್ಚಳಕ್ಕೆ ಸಿಕ್ಕಿಕೊಳ್ತಿತ್ತು. ನಾನೇ ಮಡಚಿ ಕಟ್ಟಿಕೊಟ್ಟೆ. ಇವರು ಬಿಚ್ಚಲೇ ಇಲ್ಲ, ತಮ್ಮ ಬೆರಳನ್ನೇ ಒಳಗೆ ಮಡಚಿಕೊಂಡ್ರು. ಅವತ್ತು ತಟ್ಟೆ ಒತ್ತಿದಾಗಲೂ ಇದನ್ನ ಹಾಕಿಕೊಂಡೇ ಒತ್ತಿರಬೇಕು. ಕೈಯಲ್ಲಿ ಇರೋದು ಅವರಿಗೆ ಎಲ್ಲಿ ಗೊತ್ತಾಗುತ್ತೆ? ತಟ್ಟೆಯಲ್ಲಿ ಬೆರಳಿನ ತುದಿಗೆ ಸಣ್ಣ ಗುರುತು ಇದೆ ಅಣ್ಣಾ. ಅದು ನನ್ನ ಗಂಟು. ನೋಡಿದ ತಕ್ಷಣ ಗೊತ್ತಾಯ್ತು."

"ಗೊತ್ತಿದ್ದೂ ಇಷ್ಟು ದಿನ ಬಾಯಿ ಬಿಡಲಿಲ್ವಲ್ಲ ತಾಯಿ! ನನ್ನ ಚಪ್ಪಲಿ..." ಅಂತ ರೇಗಿಬಿಟ್ಟೆ.

"ಹೇಳಿದ್ರೆ ಗ್ಲೌಸೂ ಬಿಸಾಕ್ತಾರೆ, ತಟ್ಟೆಯೂ ಬಿಸಾಕ್ತಾರೆ. ಇನ್ನೊಂದು ದಿನ ಇರಲಿ, ಇನ್ನೊಂದು ದಿನ ಇರಲಿ ಅಂತ..." ಅವಳಿಗೆ ಅಳು ಬಂತು. "ಅಪ್ಪ ಹೋದಮೇಲೆ ಅವರದು ಅಂತ ಏನಾದ್ರೂ ಬೆಳೆದಿದ್ದು ಅದೊಂದೇ ಅಣ್ಣಾ."

ನಾನು ಚಪ್ಪಲಿ ತಗೊಂಡು ಒಳಗೆ ಇಟ್ಟೆ.

ಮರುದಿನ ಅವಳೇ ಲ್ಯಾಬಿಗೆ ಬಂದಳು. ಗಂಡನ್ನ ನಾನು ರಟ್ಟೆ ಹಿಡಿದು ತಂದೆ. ಅಜ್ಜಿ ತಟ್ಟೆ ಹಿಡಿದು ಹಿಂದೆ ಬಂದಳು. ಮೇಡಂ ಗ್ಲೌಸು ನೋಡಿದ ತಕ್ಷಣ ಮೂಗಿಗೆ ಬಟ್ಟೆ ಕಟ್ಟಿಕೊಂಡು ಕತ್ತರಿ ತಗೊಂಡ್ರು. "ಕೊಡಿ, ನಾನೇ ಬಿಚ್ತೀನಿ," ಅಂದಳು ಇವಳು. ತಾನು ಹಾಕಿದ ಗಂಟನ್ನ ತಾನೇ ಕತ್ತರಿಸಿದಳು. ಮಡಿಕೆ ಬಿಚ್ಚಿಕೊಂಡಾಗ ಒಳಗಿಂದ ಬೂದು ಬಣ್ಣದ ಲೋಳೆ ಮೆಲ್ಲಗೆ ಇಳೀತು. ವರ್ಷಗಟ್ಟಲೆ ಕೊಳೆತ ಹಾಲಿನ ವಾಸನೆಗೆ ಮ್ಯಾನೇಜರ್ ಬಾಗಿಲಿಂದಲೇ ವಾಪಸ್ ಹೋದ್ರು.

"ಇಲ್ಲೇ ಕೂತು, ವರ್ಷದಿಂದ ವರ್ಷಕ್ಕೆ ಹೆಚ್ಚಿ, ಈಗ ಹಾಲು ಒಡೆಯೋವಷ್ಟಾಗಿವೆ," ಅಂದ್ರು ಮೇಡಂ. "ನೀವು ಎಷ್ಟು ಕಾಸ್ಟಿಕ್‌ನಲ್ಲಿ ಅದ್ದಿದ್ರೂ ಈ ಗಂಟಿನ ಒಳಗೆ ಹೋಗಲ್ಲ. ಎಲ್ಲ ತೊಳೆದು ಮುಗಿಸಿ ಕೈ ಉಜ್ಜಿದಾಗ ಒಂದು ತೊಟ್ಟು ಆಚೆ ಬರುತ್ತೆ. ಅದನ್ನ ಮುಚ್ಚಳಕ್ಕೆ ಪಟಪಟ ಬಳೀತಿದ್ರಿ. ಹಬೆಗೆ ಎದ್ದು ಕಂಡಿದ್ದೂ ಆ ಲೋಳೆಯ ಗುರುತುಗಳೇ. ಹಾಲು ಹಾಳು ಮಾಡ್ತಾ ಇದ್ದಿದ್ದು ನಿಮ್ಮ ಆ 'ಹೂಂ, ಆಯ್ತು' ರೀ!"

ಫಳಫಳಪ್ಪ ತನ್ನ ಕೈ ಕಡೆ ನೋಡಿದ, ಬೇರೆಯವರ ಕೈ ನೋಡೋ ಹಾಗೆ. "ಹಾಗಾದ್ರೆ ಮಾವ ಬಂದಿರಲಿಲ್ವಾ?" ಅಂದ. ಬಂದಿರಲಿಲ್ಲ ಅನ್ನೋದು ಅವನಿಗೆ ಸಮಾಧಾನವೋ ಸಂಕಟವೋ, ನನಗೆ ತಿಳೀಲಿಲ್ಲ.

ಗ್ಲೌಸನ್ನೂ ತಟ್ಟೆಯನ್ನೂ ಲ್ಯಾಬಿನ ದೊಡ್ಡ ಕುಕ್ಕರಿನಲ್ಲಿ ಹಾಕಿದ್ರು, ಬೇಯಿಸಿಯೇ ಬಿಸಾಡಬೇಕಂತೆ. ಅಜ್ಜಿ ಮುಚ್ಚಳದ ಹತ್ತಿರ ಬಗ್ಗಿ, "ಹೋಗಪ್ಪ, ಈಗಲಾದ್ರೂ ಬಿಸಿನೀರಲ್ಲಿ ಒಂದು ಸ್ನಾನ ಮಾಡು," ಅಂದಳು. ಕುಕ್ಕರು ಕೂಗೋವರೆಗೂ ಮಗಳು ಅಲ್ಲಿಂದ ಕದಲಲಿಲ್ಲ.

ಆಫೀಸರ್ ಬಂದ್ರು, ಮುಚ್ಚಳ ಸವರಿಸಿದ್ರು. ಆ ಕಡ್ಡಿಯಿಂದ ಏನೂ ಬೆಳೀಲಿಲ್ಲ. ಕೆಲಸ ಉಳೀತು, ಮನೆ ಉಳೀತು, ಮ್ಯಾನೇಜರ್ ಕನ್ನಡಕಕ್ಕೂ ಬಿಡುವು ಸಿಕ್ಕಿತು. ಕಥೆ ಇಲ್ಲಿಗೇ ಮುಗಿದಿದ್ರೆ ನನಗೂ ಅನುಕೂಲವಿತ್ತು. ಲ್ಯಾಬ್ ಮೇಡಂ ಸುಮ್ಮನಿರಬೇಕಲ್ಲ? "ಸೋಪು ಹಾಕಿ ತೊಳೆದು ಬರಿಗೈ ಒಂದು ಸಲ ಒತ್ತಿ, ನೋಡೋಣ," ಅಂದ್ರು. ಇವನು ಒತ್ತಿದ. ಈ ಸಲ ಕೈ ಬರಿದಾಗಿದೆ ಅನ್ನೋದನ್ನ ನಾನು ಮುಟ್ಟಿ ನೋಡಿಯೇ ಖಾತ್ರಿ ಮಾಡಿಕೊಂಡೆ.

ತಟ್ಟೆ ಆಚೆ ಬಂತು. ಅಲ್ಲೊಂದು ಇಲ್ಲೊಂದು ಚುಕ್ಕೆ, ಬರಿಗೈ ಅಂದಮೇಲೆ ಅಷ್ಟಿರುತ್ತಂತೆ. ಆದ್ರೆ ಚುಕ್ಕೆಗಳೆಲ್ಲ ಸೇರಿ ಆಗಿದ್ದು ನಾಲ್ಕೂವರೆ ಬೆರಳು.

ಮೇಡಂ ನಗಲಿಲ್ಲ. "ಕೈ ಬಿಡಿಸಿ ತೋರಿಸಿ," ಅಂದ್ರು.

"ಬಿಡಿಸೇ ಇದೀನಲ್ಲ ಮೇಡಂ," ಅಂದ ಇವನು.

ಬಿಡಿಸಿರಲಿಲ್ಲ. ತೋರುಬೆರಳು ನಡುವಿಗೆ ಮಡಚಿಕೊಂಡು ಅಂಗೈಗೆ ಅಂಟಿಕೊಂಡಿತ್ತು. ಅವನಿಗೆ ಅದರ ಪರಿವೆಯೇ ಇಲ್ಲ. ಎಷ್ಟೋ ವರ್ಷ ಆ ಗ್ಲೌಸಿನೊಳಗೆ ಮಡಚಿಟ್ಟ ಬೆರಳು, ಕೆಲಸದ ಹೊತ್ತಲ್ಲಿ ತಾನಾಗೇ ಹಾಗೆ ಕೂರುತ್ತೆ ಅಂತ ಮೇಡಂ ವಿವರಿಸಿದ್ರು. ವಿವರಣೆ ಚೆನ್ನಾಗಿಯೇ ಇತ್ತು. ಆದ್ರೂ ಅವರು ಅವತ್ತು ಬೆಳಕಿರೋವಾಗಲೇ ಮನೆಗೆ ಹೊರಟ್ರು.

ಈಗ ಅವನಿಗೆ ಹೊಸ ಗ್ಲೌಸು ಕೊಟ್ಟಿದಾರೆ. ಅದರ ತೋರುಬೆರಳು ಖಾಲಿಯಾಗಿ ಜೋತಾಡುತ್ತೆ. ಮುಚ್ಚಳ ತಟ್ಟಬಾರದು ಅಂತ ಮ್ಯಾನೇಜರ್ ಕಟ್ಟಪ್ಪಣೆ ಮಾಡಿದಾರೆ. ತೊಳೆದು ಮುಗಿದಾಗ ಆ ಬಲಗೈ ತಾನಾಗಿ ಮೇಲೇಳುತ್ತೆ, ಇವನು ಎಡಗೈಯಿಂದ ಅದನ್ನ ಹಿಡಿದು ಕೆಳಗೆ ಎಳೆದುಕೊಳ್ತಾನೆ. ಇವನು ಬಾಯಿ ತೆರೆಯೋಕೆ ಮುಂಚೆಯೇ ಟ್ಯಾಂಕೊಳಗಿಂದ "ಹೂಂ" ಅಂತ ಕೇಳಿಸುತ್ತೆ ಅಂತ ಪ್ಯಾಕಿಂಗ್ ಹೆಂಗಸರು ಹೇಳ್ತಾರೆ. ಅವರ ಮಾತು ನಾನು ನಂಬಲ್ಲ. ಹಿಮ್ಮಡಿಗೆ ಪಟ್ಟಿ ಇರೋ ಹೊಸ ಚಪ್ಪಲಿ ತಗೊಂಡಿದೀನಿ, ಅದು ಬೇರೆ ವಿಷಯ.

ಸಂಜೆ ಗಂಡ ಹೆಂಡತಿ ಹೊಸಿಲ ಮೇಲೆ ಕೂತಿರ್ತಾರೆ. ಅವಳು ಎಣ್ಣೆ ಹಚ್ಚಿ ಆ ಬೆರಳನ್ನ ನೀವಿ ನೀವಿ ನೆಟ್ಟಗೆ ಮಾಡ್ತಾಳೆ. ಹಿಡಿದಿರೋವರೆಗೂ ನೆಟ್ಟಗಿರುತ್ತೆ. ಬಿಟ್ಟ ತಕ್ಷಣ, ಅವನು ಬೇರೆ ಕಡೆ ನೋಡ್ತಾ ಏನೋ ಹರಟ್ತಾ ಇದ್ರೂ, ಬೆರಳು ನಿಧಾನವಾಗಿ ಮಡಚಿಕೊಳ್ಳುತ್ತೆ. ಮೊನ್ನೆ ಅವಳು ನೀವೋದನ್ನ ನಿಲ್ಲಿಸಿಬಿಟ್ಟಳು. ಆ ಅರ್ಧ ಬೆರಳನ್ನ ತನ್ನ ಮುಷ್ಟಿಯೊಳಗೆ ಹಿಡಿದುಕೊಂಡಳು, ರಸ್ತೆ ದಾಟೋವಾಗ ಸಣ್ಣ ಮಗು ಅಪ್ಪನ ಬೆರಳು ಹಿಡಿದುಕೊಳ್ಳೋ ಹಾಗೆ.

ಗೋಡೆ ಈಚೆ ನಮ್ಮ ಹೊಸಿಲಿಂದ ನೋಡ್ತಾ ನಾನು ನಗೋಣ ಅಂದುಕೊಂಡೆ. ನಗು ಬರಲಿಲ್ಲ.